ಕೊಳೆಯದ ಬಲೆ

ಕುಂಬಳೆ ಪೇಟೆಯಲ್ಲಿ ನನ್ನ ಉಪ್ಪಾಪನಿಗೆ ಬಲೆನೂಲಿನ ಅಂಗಡಿ ಇತ್ತು. ಮೊದಲು ಹತ್ತಿಯ ನೂಲು, ಆಮೇಲೆ ನೈಲಾನ್. ಹತ್ತಿ ಬಲೆಯ ಕಷ್ಟವನ್ನು ಅವರು ಹೇಳುತ್ತಿದ್ದುದು ಈಗಲೂ ನೆನಪಿದೆ. ಮರದ ತೊಗಟೆ ಕುದಿಸಿದ ಚೊಗರು ನೀರಿನಲ್ಲಿ ಅದ್ದಬೇಕು. ಕಡಲಿನಿಂದ ಬಂದ ಕೂಡಲೇ ಹೊಯಿಗೆಯ ಮೇಲೆ ಹರಡಿ ಒಣಗಿಸಬೇಕು. ನಾಲ್ಕು ದಿನ ಒದ್ದೆ ಬಿಟ್ಟರೆ ಕೊಳೆಯಲು ಶುರು. "ಇದು ಕೊಳೆಯುವುದಿಲ್ಲ ಮೋನೇ" ಎಂದು ಹೇಳಿಯೇ ಉಪ್ಪಾಪ ನೈಲಾನ್ ಮಾರಿದರು. ಅವರ ಮಾತು ಸುಳ್ಳಾಗಲಿಲ್ಲ. ತೊಂದರೆ ಇರುವುದೂ ಅಲ್ಲೇ.

ಈ ನೂಲು ನಮ್ಮ ಕರಾವಳಿಗೆ ಬಂದ ದಾರಿಯಲ್ಲಿ ಕೊಲ್ಲಂ ಬಳಿಯ ನೀಂಡಕರ ಒಂದು ಮುಖ್ಯ ನಿಲ್ದಾಣ. ನಾರ್ವೆ ದೇಶದೊಂದಿಗೆ 1952ರಲ್ಲಿ ಒಪ್ಪಂದವಾಗಿ, 1953ರಲ್ಲಿ ಅಲ್ಲಿ ಇಂಡೋ-ನಾರ್ವೇಜಿಯನ್ ಯೋಜನೆ ಶುರುವಾಯಿತು. ಆಗ ಅದು ತಿರುವಿದಾಂಕೂರು-ಕೊಚ್ಚಿ ರಾಜ್ಯ. ನಮ್ಮ ಕಾಸರಗೋಡು ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡದಲ್ಲಿತ್ತು. ಯಂತ್ರದೋಣಿ, ಐಸ್, ನೈಲಾನ್ ಬಲೆ ಇವೆಲ್ಲ ಆ ಯೋಜನೆಯ ಕೊಡುಗೆಗಳು. ಬಡತನ ನೀಗಿಸಲು ಬಂದದ್ದು ಅದು. ಬೈಯುವುದು ಸುಲಭ, ಆದರೆ ಆ ಕಾಲದ ಹಸಿವನ್ನು ಕಂಡವರು ಬೈಯಲಿಕ್ಕಿಲ್ಲ.

ಹತ್ತಿಯ ಬಲೆ ಕಡಲಡಿಯ ಬಂಡೆಗೆ ಸಿಕ್ಕಿ ಹರಿದರೆ ಕೊಳೆತು ಹೋಗುತ್ತಿತ್ತು. ನೈಲಾನ್ ಬಲೆ ಅಲ್ಲೇ ಉಳಿಯುತ್ತದೆ. ಮೀನು, ಏಡಿ, ಆಮೆ ಸಿಕ್ಕಿಬೀಳುತ್ತಲೇ ಇರುತ್ತವೆ; ಅವು ಸತ್ತರೆ ಆ ವಾಸನೆಗೆ ಬೇರೆಯವು ಬಂದು ಸಿಕ್ಕುತ್ತವೆ. ಹೀಗೆ ಧಣಿ ಇಲ್ಲದೆ ಮೀನು ಹಿಡಿಯುವ ಬಲೆಗೆ 'ಘೋಸ್ಟ್ ನೆಟ್' ಎಂದು ಹೆಸರು. ಎಲ್ಲ ಬಲೆಯೂ ಬೇಕೆಂದು ಎಸೆದದ್ದಲ್ಲ. ಬಲೆ ಹೋದರೆ ಮೀನುಗಾರನಿಗೂ ಸಾಲವೇ ಗತಿ. ಅದನ್ನು ಉಪ್ಪಾಪನ ಲೆಕ್ಕದ ಪುಸ್ತಕದಲ್ಲೇ ನೋಡಿದ್ದೇನೆ.

ಈ ಬಲೆಗಳನ್ನು ತೆಗೆಯಲು ಸಂಬಳವಿಲ್ಲದೆ ಮುಳುಗುವವರಿದ್ದಾರೆ. ತಿರುವನಂತಪುರದ 'ಫ್ರೆಂಡ್ಸ್ ಆಫ್ ಮೆರೈನ್ ಲೈಫ್' ಗುಂಪನ್ನು ಕಟ್ಟಿದ ರಾಬರ್ಟ್ ಪನಿಪಿಳ್ಳ ಸ್ವತಃ ಮೀನುಗಾರ ಸಮುದಾಯದವರು. ಕಡಲಡಿಯ ಬಂಡೆಸಾಲಿಗೆ ಅಲ್ಲಿನವರು 'ಪಾರ್' ಎನ್ನುತ್ತಾರೆ. ದಡದ ಗುಡ್ಡ, ಇಗರ್ಜಿಯ ಗೋಪುರಗಳನ್ನು ಒಂದಕ್ಕೊಂದು ನೇರ ಹಿಡಿದು ಪಾರ್ ಎಲ್ಲಿದೆಯೆಂದು ಹೇಳಬಲ್ಲ ಹಿರಿಯರು ಅಲ್ಲಿದ್ದಾರೆ. ಅವರ ಮಾತು ಕೇಳಿಯೇ ಗುಂಪು ಆಮ್ಲಜನಕವಲ್ಲ, ಗಾಳಿ ತುಂಬಿದ ಸಿಲಿಂಡರ್ ಹೊತ್ತು ಇಳಿಯಿತು (ಇದನ್ನು ತಪ್ಪು ತಿಳಿದವರು ಬಹಳ). ಕೆಳಗೆ ಜೀವರಾಶಿಯ ಜೊತೆ ಬಲೆಯ ಮುದ್ದೆಗಳೂ ಕಂಡವು.

ಕೆಲಸ ಸುಲಭದ್ದಲ್ಲ. ಬಲೆಯನ್ನು ಜಗ್ಗಿ ಎಳೆದರೆ ಬಂಡೆಯ ಮೇಲೆ ಬೆಳೆದದ್ದೆಲ್ಲ ಕಿತ್ತುಬರುತ್ತದೆ. ಚಾಕು, ಕತ್ತರಿಯಿಂದ ತುಂಡು ತುಂಡಾಗಿ ಬಿಡಿಸಬೇಕು. ಜೀವವಿರುವುದನ್ನು ಅಲ್ಲೇ ಬಿಡಬೇಕು. ಭಾರದ ಮುದ್ದೆಗೆ ಗಾಳಿಚೀಲ ಕಟ್ಟಿ ಮೇಲಕ್ಕೆ ತೇಲಿಸಬೇಕು. ತನ್ನದೇ ಕಾಲು ಬಲೆಗೆ ಸಿಕ್ಕಿದರೆ ಬಿಡಿಸಲು ಪಕ್ಕದಲ್ಲಿ ಒಬ್ಬ ಇರಲೇಬೇಕು. ಮಳೆಗಾಲದಲ್ಲಂತೂ ನೀರು ಕದಡಿ ಏನೂ ಕಾಣದು. 2018ರ ಮಾರ್ಚಿನಲ್ಲಿ ದಕ್ಷಿಣ ಕೇರಳದ ಕೆಲವೆಡೆ ಮೀನುಗಾರರೇ ಸುಮಾರು 400 ಕಿಲೋ ಇಂಥ ಬಲೆ ಹೊರತೆಗೆದರು.

ಇನ್ನೊಂದು ಸಂಗತಿ. ಬಲೆಗೆ ಬಿದ್ದ ಪ್ಲಾಸ್ಟಿಕನ್ನು ಮತ್ತೆ ಕಡಲಿಗೆ ಎಸೆಯದೆ ದಡಕ್ಕೆ ತರುವ 'ಶುಚಿತ್ವ ಸಾಗರಂ' ಯೋಜನೆ 2017ರಲ್ಲಿ ಶುರುವಾದದ್ದು ಅದೇ ನೀಂಡಕರದಲ್ಲಿ. ಮೊದಲ ಹತ್ತು ತಿಂಗಳಲ್ಲಿ ಬಂದದ್ದು 25 ಟನ್. ಹೆಂಗಸರು ಅದನ್ನು ವಿಂಗಡಿಸಿ ತೊಳೆದರು. ಪುಡಿಯಾಗಿ ರಸ್ತೆಯ ಡಾಮರಿಗೆ ಸೇರಿತು.

ಕುಂಬಳೆ, ಉಪ್ಪಳ, ಮಂಜೇಶ್ವರದ ಕಡಲಲ್ಲಿ ಎಲ್ಲೆಲ್ಲಿ ಬಲೆ ಸಿಕ್ಕಿಕೊಳ್ಳುತ್ತಿತ್ತು ಎಂದು ಉಪ್ಪಾಪನಿಗೆ ಗೊತ್ತಿತ್ತು. ನೂಲು ಸಾಲ ಕೇಳಲು ಬಂದವರೆಲ್ಲ ಮೊದಲು ಹೇಳುತ್ತಿದ್ದುದು ಅದನ್ನೇ. ನಾನು ಕೇಳಿ ಬರೆದುಕೊಳ್ಳಲಿಲ್ಲ. ಲೆಕ್ಕದ ಪುಸ್ತಕವನ್ನು ಗೆದ್ದಲು ತಿಂದಿದೆ. ನಿಮ್ಮ ಮನೆಯಲ್ಲಿ ಅಂಥ ಹಿರಿಯರಿದ್ದರೆ ಈ ವಾರವೇ ಕೂತು ಕೇಳಿ, ಜಾಗದ ಹೆಸರುಗಳನ್ನು ಬರೆದಿಡಿ. ನಾಳೆ ನಮ್ಮ ಕಡಲಲ್ಲಿ ಮುಳುಗುವ ಹುಡುಗರಿಗೆ ಅದು ಬೇಕಾಗುತ್ತದೆ.