ತಣ್ಣನೆಯ ಎಂಜಿನ್ನಿನ ದೋಷನಿದಾನ: ಚೋಕಿನಿಂದ ಸೆನ್ಸರಿನವರೆಗೆ

ರಾತ್ರಿಯಿಡೀ ನಿಂತಿದ್ದ ಹಳೆಯ ಪೆಟ್ರೋಲ್ ವಾಹನ ಬೆಳಿಗ್ಗೆ ಸ್ಟಾರ್ಟ್ ಆಗಿ, ಒಂದೆರಡು ನಿಮಿಷ ತಡವರಿಸಿ, ಆಫ್ ಆಗುವ ದೋಷವು ಮೋಟಾರು ರಿಪೇರಿಯ ಇತಿಹಾಸದಲ್ಲಿ ಪ್ರತ್ಯೇಕ ಸ್ಥಾನ ಪಡೆದಿದೆ. ಎಂಜಿನ್ ಬಿಸಿಯಾದೊಡನೆ ಈ ದೋಷದ ಕುರುಹುಗಳು ಅಳಿಸಿಹೋಗುವುದರಿಂದ, ಹೇಗೋ ಗ್ಯಾರೇಜು ತಲುಪಿದ ವಾಹನವು ಅಲ್ಲಿ ನಿರೋಗಿಯಂತೆ ತೋರುತ್ತದೆ. ಬ್ರೇಕು ಅಥವಾ ಗೇರಿನ ದೋಷವನ್ನು ಯಾವ ಹೊತ್ತಿನಲ್ಲಾದರೂ ಪರೀಕ್ಷಿಸಬಹುದು; ಇದನ್ನು ಹಾಗೆ ಪರೀಕ್ಷಿಸಲಾಗದು. ಆದ್ದರಿಂದ ಇದನ್ನು ಪತ್ತೆಹಚ್ಚುವ ವಿಧಾನಗಳು ಬೆಳೆದುಬಂದ ಬಗೆಯನ್ನು, ಕ್ಷಣಕಾಲ ಕಾಣಿಸಿಕೊಂಡು ಮರೆಯಾಗುವ ಸಾಕ್ಷ್ಯವನ್ನು ಹಿಡಿದಿಡುವ ಪ್ರಯತ್ನಗಳ ಇತಿಹಾಸವೆಂದೇ ನೋಡುವುದು ಉಚಿತ.

ದೋಷದ ಮೂಲವಿರುವುದು ಇಂಧನದ ಸ್ವಭಾವದಲ್ಲಿ. ದ್ರವರೂಪದ ಪೆಟ್ರೋಲ್ ಎಂಜಿನ್ನಿನಲ್ಲಿ ಸರಿಯಾಗಿ ಉರಿಯುವುದಿಲ್ಲ. ಅದು ಆವಿಯಾಗಿ ಗಾಳಿಯೊಡನೆ ಬೆರೆಯಬೇಕು. ತೂಕದ ಲೆಕ್ಕದಲ್ಲಿ ಒಂದು ಭಾಗ ಪೆಟ್ರೋಲಿಗೆ ಸುಮಾರು 14.7 ಭಾಗ ಗಾಳಿ ಸೇರಿದಾಗ ದಹನ ಪೂರ್ಣವಾಗುತ್ತದೆ. ಲೋಹ ತಣ್ಣಗಿದ್ದಾಗ ಪೆಟ್ರೋಲಿನ ಗಣನೀಯ ಭಾಗ ಆವಿಯಾಗದೆ ಒಳಗಿನ ಕೊಳವೆಯ ಗೋಡೆಗೆ ಅಂಟಿಕೊಳ್ಳುವುದರಿಂದ, ಸಿಲಿಂಡರನ್ನು ತಲುಪುವ ಮಿಶ್ರಣ ತೆಳುವಾಗಿ ಎಂಜಿನ್ ಉಸಿರು ಕಳೆದುಕೊಳ್ಳುತ್ತದೆ. ಜರ್ಮನಿಯ ವಿಲ್‌ಹೆಲ್ಮ್ ಮೇಬಾಖ್ ಮತ್ತು ಹಂಗೇರಿಯ ಡೊನಾಟ್ ಬಾಂಕಿ, ಯಾನೋಷ್ ಚೊಂಕಾ ಅವರು 1890ರ ದಶಕದ ಆರಂಭದಲ್ಲಿ ರೂಪಿಸಿದ, ಪೆಟ್ರೋಲನ್ನು ಸಣ್ಣ ರಂಧ್ರದಿಂದ ಸಿಂಪಡಿಸುವ ಕಾರ್ಬುರೇಟರುಗಳು ಬಿಸಿ ಎಂಜಿನ್ನಿಗೆ ಒಪ್ಪುವ ಮಿಶ್ರಣವನ್ನು ಒದಗಿಸಿದವಾದರೂ, ಚಳಿಯ ಆರಂಭಕ್ಕೆ ಬೇರೆಯೇ ಉಪಾಯ ಬೇಕಾಯಿತು. ಕಾರ್ಬುರೇಟರಿನ ಬಾಯಿಗೆ ಅಳವಡಿಸಿದ ಚೋಕ್ ಎಂಬ ತಗಡಿನ ಕದವೇ ಆ ಉಪಾಯ. ಅದನ್ನು ಮುಚ್ಚಿದರೆ ಗಾಳಿ ಕಡಿಮೆಯಾಗಿ, ಒಳಗಿನ ಸೆಳೆತ ಹೆಚ್ಚಿ, ಪೆಟ್ರೋಲ್ ಅಧಿಕವಾಗಿ ಬರುತ್ತದೆ. ಮುಂದೆ ನಿಂತು ಕೈಯಿಂದ ಹ್ಯಾಂಡಲ್ ತಿರುಗಿಸುವವನಿಗೆ ಅನುಕೂಲವಾಗಲೆಂದು ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಚೋಕಿನ ತಂತಿಯನ್ನು ರೇಡಿಯೇಟರಿನ ಬಳಿಗೇ ಎಳೆದು ತರಲಾಗಿತ್ತು. ಬ್ರಿಟನ್ನಿನ ಎಸ್‌.ಯು. ಕಾರ್ಬುರೇಟರಿನ ದಾರಿ ಬೇರೆ: ಅದರಲ್ಲಿ ಕದವಿರಲಿಲ್ಲ, ಚೋಕ್ ಎಳೆದಾಗ ಪೆಟ್ರೋಲಿನ ಜೆಟ್ಟೇ ಕೆಳಗಿಳಿದು ದಾರಿ ಅಗಲವಾಗುತ್ತಿತ್ತು.

ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳು ಭಾರತದ ರಸ್ತೆಗಳನ್ನು ಆಳಿದ ದಶಕಗಳಲ್ಲಿ ಎಳೆಯುವ ಚೋಕ್ ಗುಂಡಿಯು ವಾಹನದ ಭಾಗವಾಗಿದ್ದಷ್ಟೇ ಅಲ್ಲದೆ, ಮೆಕ್ಯಾನಿಕನ ಮೊದಲ ಪರೀಕ್ಷಾ ಸಾಧನವೂ ಆಗಿತ್ತು. ತಡವರಿಸುತ್ತಿರುವ ತಣ್ಣನೆಯ ಎಂಜಿನ್ನಿನ ಚೋಕನ್ನು ಇನ್ನಷ್ಟು ಎಳೆದಾಗ ಅದು ಚೇತರಿಸಿಕೊಂಡರೆ ಮಿಶ್ರಣ ತೆಳುವಾಗಿದೆಯೆಂದೂ, ಕಪ್ಪು ಹೊಗೆ ಕಾರಿ ನಿಂತರೆ ಪೆಟ್ರೋಲ್ ಮಿತಿಮೀರಿದೆಯೆಂದೂ ತಿಳಿಯುತ್ತಿತ್ತು. ತೆಳುವೆಂದಾದರೆ ಶೋಧ ಎರಡು ದಿಕ್ಕಿಗೆ ಹೊರಳುತ್ತಿತ್ತು: ಒಂದೋ ಜೆಟ್ಟಿನಲ್ಲಿ ಕಸ ಕಟ್ಟಿರಬೇಕು, ಇಲ್ಲವೇ ಗ್ಯಾಸ್ಕೆಟ್ ಅಥವಾ ಬಿರುಕುಬಿಟ್ಟ ರಬ್ಬರ್ ಪೈಪಿನ ಮೂಲಕ ಕಳ್ಳಗಾಳಿ ನುಗ್ಗುತ್ತಿರಬೇಕು. ಎರಡನೆಯದನ್ನು ಗುರುತಿಸಲು ಜೋಡಣೆಯ ಸುತ್ತ ಎಣ್ಣೆ ಹನಿಸುವ ಪದ್ಧತಿಯಿತ್ತು. ಎಣ್ಣೆಯು ಸಂದಿಯನ್ನು ಕ್ಷಣಕಾಲ ಮುಚ್ಚುವುದರಿಂದ ಐಡ್ಲಿಂಗ್ ಸ್ಥಿರವಾದರೆ ಸೋರಿಕೆಯ ಸ್ಥಳ ಸಿಕ್ಕಂತೆಯೇ. ಬಳಿಕ ಪ್ಲಗ್ ಬಿಚ್ಚಿ ಅದರ ತುದಿಯ ಬಣ್ಣವನ್ನು ಓದಲಾಗುತ್ತಿತ್ತು: ಒಣ ಮಸಿಯಿದ್ದರೆ ಇಂಧನ ಹೆಚ್ಚು, ಬಿಳಿಚಿದ್ದರೆ ಕಡಿಮೆ, ತಿಳಿಕಂದು ಬಣ್ಣವಿದ್ದರೆ ಸರಿ. 1951ರಲ್ಲಿ ಸ್ಥಾಪನೆಯಾದ, ಬೆಂಗಳೂರಿನ ಮೈಕೋ ಕಂಪನಿಯ ಪ್ಲಗ್ಗುಗಳು ಈ ಓದಿಗೆ ದೇಶದಾದ್ಯಂತ ಸಾಮಗ್ರಿ ಒದಗಿಸಿದವು. ಆದರೂ ಅನುಭವಿ ಮೆಕ್ಯಾನಿಕರು ಯಾವ ಉಪಕರಣಕ್ಕಿಂತಲೂ ಹೆಚ್ಚಾಗಿ ನೆಚ್ಚಿದ್ದು ಗಾಡಿಯನ್ನು ರಾತ್ರಿ ಗ್ಯಾರೇಜಿನಲ್ಲಿಯೇ ಬಿಡಿಸಿಕೊಳ್ಳುವ ಕ್ರಮವನ್ನು. ಮಾಲೀಕರಿಗೆ ಅದು ಕೆಲಸ ಎಳೆಯುವ ನೆಪವೆಂದು ತೋರುತ್ತಿದ್ದರೂ, ಶಾಸ್ತ್ರೀಯವಾಗಿ ಅದಕ್ಕಿಂತ ಸರಿಯಾದ ವಿಧಾನ ಇರಲಿಲ್ಲ.

ಒಂದು ಬಗೆಯ ನಿಲುಗಡೆ ಮಾತ್ರ ಈ ಎಲ್ಲ ಪರೀಕ್ಷೆಗಳಿಗೂ ಸಿಗದೆ ಜಾರಿಕೊಳ್ಳುತ್ತಿತ್ತು. ಪೆಟ್ರೋಲ್ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುವುದರಿಂದ, ಹೊರಗೆ 10–15 ಡಿಗ್ರಿ ಸೆಲ್ಸಿಯಸ್ ಇದ್ದು ಗಾಳಿಯಲ್ಲಿ ತೇವ ತುಂಬಿದ್ದರೆ ಕಾರ್ಬುರೇಟರಿನ ಗಂಟಲಲ್ಲಿ ಮಂಜುಗಡ್ಡೆ ಕಟ್ಟಬಲ್ಲದು. ಕೊಡಗು, ಚಿಕ್ಕಮಗಳೂರುಗಳ ಮಂಜುಮುಸುಕಿದ ಬೆಳಗುಗಳು ಇದಕ್ಕೆ ಒದಗುವ ಹವೆಯೇ. ನಿಂತ ಎಂಜಿನ್ನಿನ ಶಾಖಕ್ಕೆ ಗಡ್ಡೆ ಕೆಲವೇ ನಿಮಿಷಗಳಲ್ಲಿ ಕರಗಿಹೋಗುವುದರಿಂದ ಬಿಚ್ಚಿ ನೋಡಿದವರಿಗೆ ಏನೂ ಕಾಣುತ್ತಿರಲಿಲ್ಲ.

ಬಾಷ್ ಸಂಸ್ಥೆಯ ವಿದ್ಯುನ್ಮಾನ ಇಂಜೆಕ್ಷನ್ ವ್ಯವಸ್ಥೆ 1967ರಲ್ಲಿ ಫೋಕ್ಸ್‌ವ್ಯಾಗನ್ ಕಾರುಗಳಲ್ಲಿ ಬಂದಾಗ, ಎಂಜಿನ್ ಎಷ್ಟು ತಣ್ಣಗಿದೆಯೆಂದು ನಿರ್ಣಯಿಸುವ ಕೆಲಸ ಚಾಲಕನ ಕೈಯಿಂದ ಸೆನ್ಸರಿಗೆ ವರ್ಗವಾಯಿತು. ಭಾರತದಲ್ಲಿ ಈ ಬದಲಾವಣೆ ವ್ಯಾಪಕವಾದದ್ದು 2000ರ ಸುಮಾರಿಗೆ, ಹೊಗೆ ಮಿತಿಯ ನಿಯಮಗಳು ಬಿಗಿಯಾದಾಗ. 1983ರಿಂದ ಕಾರ್ಬುರೇಟರಿನಲ್ಲೇ ಓಡುತ್ತಿದ್ದ ಮಾರುತಿ 800 ಕೂಡ ಆಗ ಇಂಜೆಕ್ಷನ್ನಿಗೆ ಹೊರಳಿತು. ನೀರಿನ ತಾಪ ಅಳೆಯುವ ಸೆನ್ಸರಿನ ವಿದ್ಯುತ್ ರೋಧವು ಬಿಸಿ ಏರಿದಂತೆ ಇಳಿಯುತ್ತದೆ: ಸಾಮಾನ್ಯ ಮಾದರಿಯೊಂದರಲ್ಲಿ 20 ಡಿಗ್ರಿಯಲ್ಲಿ ಸುಮಾರು 2,500 ಓಮ್ ಇದ್ದದ್ದು 80 ಡಿಗ್ರಿಯಲ್ಲಿ 300ರ ಆಸುಪಾಸಿಗೆ ಬರುತ್ತದೆ. ಸೆನ್ಸರ್ ಕೆಟ್ಟು, ತಣ್ಣನೆಯ ಎಂಜಿನ್ನನ್ನು ಬಿಸಿಯೆಂದು ವರದಿ ಮಾಡಿದರೆ ಕಂಪ್ಯೂಟರು ಪೆಟ್ರೋಲನ್ನು ಕಡಿತಗೊಳಿಸುತ್ತದೆ. ಆಗ ಶತಮಾನದ ಹಿಂದಿನ ಅದೇ ತೆಳು ಮಿಶ್ರಣ, ಅದೇ ನಿಲುಗಡೆ.

ದೋಷ ದಾಖಲಾದ ಗಳಿಗೆಯ ತಾಪ, ವೇಗ, ಭಾರಗಳನ್ನು ಸ್ಮೃತಿಯಲ್ಲಿ ಉಳಿಸಿಕೊಳ್ಳುವ ಒಬಿಡಿ-2 ವ್ಯವಸ್ಥೆ ಅಮೆರಿಕದಲ್ಲಿ 1996ರ ಮಾದರಿಗಳಿಂದಲೂ ಭಾರತದಲ್ಲಿ 2013ರ ಏಪ್ರಿಲ್‌ನಿಂದಲೂ ಕಡ್ಡಾಯವಾಯಿತು. ಹೀಗಾಗಿ ಇಂದು ಅತ್ಯಂತ ಕಠಿಣವಾಗಿರುವುದು ಚೋಕಿನ ಕಾಲದ ವಾಹನಗಳಲ್ಲ, ಆ ಎರಡು ಯುಗಗಳ ನಡುವೆ ಇಲ್ಲಿ ತಯಾರಾದ ಮೊದಲ ಪೀಳಿಗೆಯ ಇಂಜೆಕ್ಷನ್ ಕಾರುಗಳು. ಅವುಗಳಲ್ಲಿ ಎಳೆದು ನೋಡಲು ಗುಂಡಿಯಿಲ್ಲ, ಓದಲು ಪೂರ್ಣ ದಾಖಲೆಯೂ ಇಲ್ಲ. ಕೆಲವು ಮಾದರಿಗಳಲ್ಲಿ ಎರಡು ಪಿನ್ನುಗಳಿಗೆ ತಂತಿ ಜೋಡಿಸಿ, ಡ್ಯಾಶ್‌ಬೋರ್ಡಿನ ದೀಪ ಎಷ್ಟು ಬಾರಿ ಮಿನುಗಿತೆಂದು ಎಣಿಸಿಯೇ ದೋಷದ ಸಂಕೇತವನ್ನು ತಿಳಿಯಬೇಕಾಗುತ್ತದೆ. ಸೆನ್ಸರ್ ಪೂರ್ತಿ ಕೆಡದೆ ತುಸು ತಪ್ಪು ಲೆಕ್ಕ ಕೊಡುತ್ತಿದ್ದರೆ ಆ ದೀಪವೂ ಏನನ್ನೂ ಹೇಳದಿರಬಹುದು. ಆಗ ಎಂಜಿನ್ ಚಾಲೂ ಮಾಡುವ ಮೊದಲೇ ಮಲ್ಟಿಮೀಟರ್ ಹಿಡಿದು ರೋಧವನ್ನು ಅಳೆದು, ಅಂದಿನ ಹವೆಯ ತಾಪಕ್ಕೆ ಅದು ಹೊಂದುತ್ತದೆಯೇ ಎಂದು ತಾಳೆ ನೋಡುವುದೊಂದೇ ನೇರವಾದ ಮಾರ್ಗ.