ಬಲಪ ಹಿಡಿದ ಕೈ

ಹೂವಿನಹಡಗಲಿ ತಾಲ್ಲೂಕಿನ ಹಿರೇಹಡಗಲಿಯ ಹೆಸರು ಇತಿಹಾಸ ಓದಿದವರಿಗೆ ಎರಡು ಕಾರಣಕ್ಕೆ ಪರಿಚಿತ. ಒಂದು, ಅಲ್ಲಿನ ಚಾಲುಕ್ಯರ ಕಾಲದ ಕಲ್ಲೇಶ್ವರ ಗುಡಿ. ಇನ್ನೊಂದು, ಊರಿನ ಹೆಸರನ್ನೇ ಹೊತ್ತಿರುವ ಪಲ್ಲವ ದೊರೆ ಶಿವಸ್ಕಂದವರ್ಮನ ತಾಮ್ರಪಟಗಳು. ಸುಮಾರು ನಾಲ್ಕನೆಯ ಶತಮಾನದ, ಪ್ರಾಕೃತ ಭಾಷೆಯ ಈ ಪಟಗಳಲ್ಲಿ ದೊರೆ ಬ್ರಾಹ್ಮಣರಿಗೆ ಒಂದು ಭೂಮಿಯನ್ನು ದಾನ ಕೊಟ್ಟು, ಅದಕ್ಕೆ ಹದಿನೆಂಟು ಬಗೆಯ ವಿನಾಯಿತಿ ಬರೆಸಿದ್ದಾನೆ. ಅಧಿಕಾರಿಗಳು ಅಲ್ಲಿಂದ ಉಪ್ಪು, ಬೆಲ್ಲ ಎತ್ತುವಂತಿಲ್ಲ. ಸರದಿಯ ಪ್ರಕಾರ ಎತ್ತು ಹಿಡಿದೊಯ್ಯುವಂತಿಲ್ಲ. ಹುಲ್ಲು, ಕಟ್ಟಿಗೆ, ತರಕಾರಿ, ಹೂವು ಯಾವುದಕ್ಕೂ ಕೈ ಹಾಕುವಂತಿಲ್ಲ.

ಈ ಪಟ್ಟಿಯನ್ನು ತಿರುಗಿಸಿ ಓದಬೇಕು. ದಾನ ಪಡೆದವರಿಗೆ ಸಿಕ್ಕ ವಿನಾಯಿತಿ ಅಕ್ಕಪಕ್ಕದ ಊರಿನ ಒಕ್ಕಲಿಗೆ ಸಿಕ್ಕಿರಲಿಲ್ಲ. ಅವನ ಮನೆಯ ಉಪ್ಪು, ಬೆಲ್ಲ, ಎತ್ತು, ಹೂವು ಎಲ್ಲಕ್ಕೂ ಲೆಕ್ಕ ಬರೆಯುವವರು ಇದ್ದರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಸೀಮೆಯಲ್ಲಿ ಮನೆವಾರ್ತೆಯ ಹಣದ ಇತಿಹಾಸ ಬರೆಯುವವರು ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಲೆಕ್ಕ ಬರೆದವರು ಯಾರು? ಎಷ್ಟು ಕೊಟ್ಟ, ಎಷ್ಟು ಬಾಕಿ ಎನ್ನುವುದಕ್ಕಿಂತ ಈ ಪ್ರಶ್ನೆಯೇ ಇಲ್ಲಿನ ಬದುಕನ್ನು ಹೆಚ್ಚು ತಿಳಿಸುತ್ತದೆ.

ಹಳೆಯ ಲೆಕ್ಕದ ಪುಸ್ತಕವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದವರು ಅದನ್ನು ಮರೆಯುವುದಿಲ್ಲ. ಅದರ ಹೆಸರು ಕಡತ. ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಅದನ್ನು ವಿವರವಾಗಿ ಬಣ್ಣಿಸಿದ್ದಾನೆ: ಸುಮಾರು 8 ಅಂಗುಲದಿಂದ ಒಂದಡಿ ಅಗಲ, 12ರಿಂದ 18 ಅಡಿ ಉದ್ದದ ಬಟ್ಟೆ, ಎರಡೂ ಬದಿಗೆ ಅಂಟು ಮತ್ತು ಇದ್ದಿಲ ಪುಡಿಯ ಲೇಪ, ಒಣಗಿದ ಮೇಲೆ ಹಿಂದೆ ಮುಂದೆ ಮಡಚಿ ಮಾಡಿದ ಕಟ್ಟು. ಅಂಟಿಗೆ ಹುಣಸೆಬೀಜ ಅರೆಯುವುದು ವಾಡಿಕೆ. ಬರೆಯುವುದು ಬಲಪದಿಂದ. ಕಪ್ಪು ಹಾಳೆಯ ಮೇಲೆ ಬೆಳ್ಳಗೆ ಮೂಡುವ ಅಂಕಿ ವರ್ಷಗಟ್ಟಲೆ ಉಳಿಯುತ್ತದೆ. ಬೇಕೆಂದರೆ ಒರೆಸಿ ಮತ್ತೆ ಬರೆಯಲೂ ಬರುತ್ತದೆ.

ಶಾನುಭೋಗರ ಮನೆಯಲ್ಲಿ ಕಡತ, ಸಾಹುಕಾರನ ಅಂಗಡಿಯಲ್ಲಿ ಕಡತ. ಒಂದರಲ್ಲಿ ಸರ್ಕಾರಕ್ಕೆ ಬರಬೇಕಾದ ಕಂದಾಯ, ಇನ್ನೊಂದರಲ್ಲಿ ಕೊಟ್ಟ ಕೈಗಡ. ಎರಡರಲ್ಲೂ ಒಕ್ಕಲಿನ ಹೆಸರಿರುತ್ತಿತ್ತು. ಬಲಪ ಮಾತ್ರ ಅವನ ಕೈಯಲ್ಲಿರಲಿಲ್ಲ. ಓದಲು ಬಾರದವನಿಗೆ ಬಾಕಿ ಎಂದರೆ ಓದಿ ಹೇಳಿದವರ ಬಾಯಲ್ಲಿ ಬಂದದ್ದು. ಇಂದಿಗೂ ಸರ್ಕಾರಿ ಕಚೇರಿಯಲ್ಲಿ ಫೈಲಿಗೆ ಕಡತ ಎಂದೇ ಕರೆಯುತ್ತೇವೆ. ಹುಣಸೆಬೀಜದ ಅಂಟು ಹೋಗಿದೆ, ಹೆಸರು ಉಳಿದಿದೆ.

1800ರಲ್ಲಿ ಹೈದರಾಬಾದಿನ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಬಿಟ್ಟುಕೊಟ್ಟ ಜಿಲ್ಲೆಗಳಿಗೆ ಕಲೆಕ್ಟರ್ ಆಗಿ ಬಂದವನು ಥಾಮಸ್ ಮನ್ರೋ. ಪಾಳೆಯಗಾರರನ್ನು ಬದಿಗೆ ಸರಿಸಿ, ಒಬ್ಬೊಬ್ಬ ರೈತನ ಜೊತೆಗೂ ನೇರ ಲೆಕ್ಕ ಇಟ್ಟುಕೊಳ್ಳುವ ರೈತವಾರಿ ಪದ್ಧತಿಯನ್ನು ಅವನು ಇಲ್ಲಿ ಕಟ್ಟಿ ನಿಲ್ಲಿಸಿದ. 1802ರಲ್ಲಿ ಅಳತೆ ಶುರುವಾಯಿತು. ಅಳತೆಗಾರರ ಸರಪಳಿಯ ಉದ್ದ 33 ಅಡಿ. ಆ ಸರಪಳಿಯ ಒಂದು ಚದರ ಒಂದು ಗುಂಟೆ, ನಲವತ್ತು ಗುಂಟೆ ಒಂದು ಎಕರೆ. ಹೊಲ ಮಾರುವಾಗ, ಅಣ್ಣತಮ್ಮಂದಿರು ಭಾಗವಾಗುವಾಗ ಈಗಲೂ ಇಲ್ಲಿನ ಜನ ಎಣಿಸುವ ಗುಂಟೆ ಅದೇ.

ರೈತನ ಕೈಗೆ ಪಟ್ಟಾ ಬಂತು. ಸರ್ವೆಯಾದ ಹೊಲ, ಕಟ್ಟಬೇಕಾದ ಹಣ ಅದರಲ್ಲಿ ನಮೂದಾಗಿರುತ್ತಿತ್ತು. ವರ್ಷಕ್ಕೊಮ್ಮೆ ಜಮಾಬಂದಿಯಲ್ಲಿ ಲೆಕ್ಕ ತೀರಬೇಕು. ಒಕ್ಕಲಿನ ಮನೆಯಲ್ಲೇ ಒಂದು ದಾಖಲೆ ಉಳಿಯುವಂತಾದದ್ದು ಸಣ್ಣ ಸಂಗತಿಯಲ್ಲ. ಆದರೆ ಪಟ್ಟಾದ ಮೇಲಿನ ಅಂಕಿ ಭಾರವಾಗಿತ್ತು. ಇದು ಮನ್ರೋಗೂ ತಿಳಿದಿತ್ತು. 1807ರಲ್ಲಿ ಹುದ್ದೆ ಬಿಟ್ಟು ಹೊರಡುವ ಮುನ್ನ ಅವನು ಕಂದಾಯವನ್ನು ಕಾಲುಭಾಗ ಇಳಿಸಬೇಕೆಂದು ಶಿಫಾರಸು ಮಾಡಿದ. ಮದರಾಸು ಸರ್ಕಾರ ಆಗ ಒಪ್ಪಲಿಲ್ಲ. ಇಡೀ ಊರನ್ನೇ ಗುತ್ತಿಗೆಗೆ ಕೊಡುವ ಪ್ರಯೋಗಕ್ಕೆ ಇಳಿಯಿತು. ರಿಯಾಯಿತಿ ರೈತನಿಗೆ ದಕ್ಕಿದ್ದು ಮನ್ರೋ 1820ರಲ್ಲಿ ಗವರ್ನರ್ ಆಗಿ ಮರಳಿದ ಮೇಲೆ.

ಕಂದಾಯ ಹೊಲದವರಿಗಷ್ಟೇ ಇರಲಿಲ್ಲ. ನೇಕಾರನ ಮಗ್ಗ, ವ್ಯಾಪಾರಿಯ ಅಂಗಡಿ, ಕಸುಬುದಾರನ ಕೆಲಸ ಎಲ್ಲದರ ಮೇಲೂ ಮೊತರ್ಫಾ ಎಂಬ ತೆರಿಗೆ ಇತ್ತು. ಕಂಬಳಿ ಮತ್ತು ಸೀರೆ ನೇಯುವ ಮನೆಗಳಿದ್ದ ಈ ತಾಲ್ಲೂಕುಗಳಿಗೆ ಅದು ಚೆನ್ನಾಗಿ ತಟ್ಟಿತು. ವ್ಯಾಪಾರಿಗಳ ಮೇಲಿನ ವೀಸಬಡಿ ಕುತೂಹಲದ ತೆರಿಗೆ. ಊರಿಗೆ ಇಷ್ಟು ಎಂದು ಒಟ್ಟು ಮೊತ್ತ ನಿಗದಿಯಾದರೆ, ವರ್ತಕರೇ ಕೂತು ಅವರವರ ಶಕ್ತಿಗೆ ತಕ್ಕಂತೆ ವೀಸದ ಲೆಕ್ಕದಲ್ಲಿ ಹಂಚಿಕೊಳ್ಳುತ್ತಿದ್ದರು. ವೀಸವೆಂದರೆ ಹದಿನಾರನೆಯ ಒಂದು ಪಾಲು. ಯಾರ ಗಲ್ಲಾ ಎಷ್ಟು ತುಂಬಿದೆ ಎಂಬುದು ಪೇಟೆಯವರಿಗೆ ಗೊತ್ತಿದ್ದ ಕಾಲದಲ್ಲಿ ಆದಾಯ ಮುಚ್ಚಿಡುವುದು ಸುಲಭವಿರಲಿಲ್ಲ.

ಕಿಸ್ತು ಕಟ್ಟುವ ದಿನವೇ ರೈತನ ಶತ್ರು. ಬೆಳೆ ಮಾರಿ ಒಳ್ಳೆಯ ದರ ಬರುವ ಹೊತ್ತಿಗೆ ಕಾಯಲು ಸರ್ಕಾರ ಬಿಡುತ್ತಿರಲಿಲ್ಲ. ಹಣ ಕಟ್ಟದವರಿಗೆ ಏನಾಗುತ್ತಿತ್ತೆಂಬುದು 1855ರ ಮದರಾಸು ಹಿಂಸಾ ವಿಚಾರಣಾ ಆಯೋಗದ ವರದಿಯಲ್ಲಿ ದಾಖಲಾಗಿದೆ: ಬೆನ್ನ ಮೇಲೆ ಕಲ್ಲು ಹೊರಿಸಿ ಬಿಸಿಲಲ್ಲಿ ನಿಲ್ಲಿಸುವುದು, ಕುತ್ತಿಗೆಯನ್ನು ಕಾಲಿಗೆ ಬಗ್ಗಿಸಿ ಕಟ್ಟುವುದು, ಮರದ ಇಕ್ಕಳದಲ್ಲಿ ಬೆರಳು ಹಿಸುಕುವುದು. ಬಿಸಿಲಿಗಿಂತ ಬಡ್ಡಿ ವಾಸಿ ಎಂದು ರೈತ ಸಾಹುಕಾರನ ಕಟ್ಟೆ ಹತ್ತಿದ್ದರೆ ಅವನನ್ನು ದೂರುವಂತಿಲ್ಲ. ಸರ್ಕಾರದ ಕಡತದ ಬಾಕಿ ಹೀಗೆ ಸಾಹುಕಾರನ ಕಡತಕ್ಕೆ ದಾಟುತ್ತಿತ್ತು.

1876ರಲ್ಲಿ ಮಳೆ ಕೈಕೊಟ್ಟಿತು. ಧಾತು, ಈಶ್ವರ ಸಂವತ್ಸರಗಳ ಆ ಬರ ಬಳ್ಳಾರಿ ಜಿಲ್ಲೆಯನ್ನು ಹಿಂಡಿದಷ್ಟು ಕೆಲವೇ ಜಿಲ್ಲೆಗಳನ್ನು ಹಿಂಡಿತು. ಪರಿಹಾರ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿನ ದಿನಗೂಲಿಯನ್ನು 1877ರಲ್ಲಿ ಭಾರತ ಸರ್ಕಾರದ ಬರ ಪ್ರತಿನಿಧಿ ರಿಚರ್ಡ್ ಟೆಂಪಲ್ ಒಂದು ಪೌಂಡು ಧಾನ್ಯ, ಒಂದಾಣೆಗೆ ಇಳಿಸಿದ. ಒಂದು ಪೌಂಡೆಂದರೆ ಅರ್ಧ ಕಿಲೋಗೂ ಕಡಿಮೆ. ಇಷ್ಟರ ಮೇಲೆ ಬದುಕುತ್ತಿದ್ದವನು ಎತ್ತು ಉಳಿಸಿಕೊಳ್ಳುವುದೆಲ್ಲಿ, ಬಿತ್ತನೆಗೆ ಕಾಳು ತೆಗೆದಿಡುವುದೆಲ್ಲಿ? ಬರ ಮುಗಿದ ಮೇಲೆ ಹೊಲವಿತ್ತು, ಉಳುವ ಬಲವಿರಲಿಲ್ಲ. ಕಾಳು ಸಾಲ ತಂದವನು ಸುಗ್ಗಿಯಲ್ಲಿ ಒಂದಕ್ಕೆ ಒಂದೂವರೆ ಅಳೆದುಕೊಡುವುದು, ಹೊಲವನ್ನು ಭೋಗ್ಯಕ್ಕೆ ಬಿಡುವುದು, ಹೊಲವೂ ಇಲ್ಲದವನು ಮಗನನ್ನು ಜೀತಕ್ಕೆ ಇಡುವುದು. ಸಾಲಕ್ಕೆ ಆಧಾರವಿಲ್ಲದವನ ಆಧಾರ ಅವನ ಮೈ. ಈ ಒಂದು ಮಾತನ್ನು ಬಿಟ್ಟು ಇಲ್ಲಿನ ಸಾಲದ ಚರಿತ್ರೆ ಬರೆದರೆ ಅದು ಸುಳ್ಳಾಗುತ್ತದೆ.

ಬರದ ಪಾಠದಿಂದ 1883 ಮತ್ತು 1884ರಲ್ಲಿ ಎರಡು ಕಾಯ್ದೆಗಳು ಬಂದವು. ಬಾವಿ ತೋಡಲು, ಎತ್ತು ಬೀಜ ಕೊಳ್ಳಲು ಸರ್ಕಾರವೇ ತಕಾವಿ ಸಾಲ ಕೊಡತೊಡಗಿತು. ಅದು ಸಾಲದಾಯಿತು. ಮದರಾಸು ಸರ್ಕಾರ ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಗೆ ಯೂರೋಪಿನ ಕೃಷಿ ಬ್ಯಾಂಕುಗಳನ್ನು ಅಭ್ಯಾಸ ಮಾಡಲು ಹೇಳಿತು. 1895 ಮತ್ತು 1897ರಲ್ಲಿ ಅವನು ಕೊಟ್ಟ ವರದಿಯ ಒಟ್ಟು ಅಭಿಪ್ರಾಯ: ಜರ್ಮನಿಯ ರೈಫೈಸನ್ ಮಾಡಿದ ಹಾಗೆ ಊರಿನವರೇ ಒಬ್ಬರಿಗೊಬ್ಬರು ಜಾಮೀನಾಗಿ ನಿಲ್ಲಬೇಕು. 1904ರಲ್ಲಿ ಸಹಕಾರಿ ಸಾಲ ಸಂಘಗಳ ಕಾಯ್ದೆ ಬಂತು. ಮರುವರ್ಷವೇ ತುಂಗಭದ್ರೆಯ ಆಚೆ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಸಹಕಾರಿ ಸಂಘವೆಂದು ಹೆಸರಾದ ಸಂಘವನ್ನು ಕಟ್ಟಿದರು. ಹಡಗಲಿಯವರ ಪಾಲಿಗೆ ಅದು ಹೊಳೆಯಾಚೆಯ ಸೀಮೆ. ಆಡಳಿತದಲ್ಲಿ ಮಾತ್ರ ಅದು ಮುಂಬಯಿ, ಇದು ಮದರಾಸು.

ಸಂಘದಲ್ಲಿ ಲೆಕ್ಕವನ್ನು ಸಭೆಯ ಮುಂದೆ ಓದಬೇಕು. ಸಾಹುಕಾರನ ಕಟ್ಟೆಗೂ ಸಹಕಾರ ಸಂಘಕ್ಕೂ ಇದ್ದ ನಿಜವಾದ ವ್ಯತ್ಯಾಸ ಅದು. ಬಡ್ಡಿ ದರದ ವ್ಯತ್ಯಾಸ ಆಮೇಲಿನ ಮಾತು.

ರಾಜಾಜಿ ಮುಖ್ಯಸ್ಥರಾಗಿದ್ದ ಮದರಾಸು ಸರ್ಕಾರ 1938ರಲ್ಲಿ ತಂದ ಕೃಷಿಕರ ಋಣ ಪರಿಹಾರ ಕಾಯ್ದೆ ಕಡತಕ್ಕೆ ನೇರ ಕೈಹಾಕಿತು. 1932ರ ಅಕ್ಟೋಬರ್ 1ಕ್ಕೂ ಹಿಂದಿನ ಸಾಲವಾಗಿದ್ದರೆ, 1937ರ ಅಕ್ಟೋಬರ್ 1ರವರೆಗೆ ಏರಿದ್ದ ಬಡ್ಡಿ ಬಾಕಿ ರದ್ದು. ಅಸಲಿನ ಎರಡರಷ್ಟು ಈಗಾಗಲೇ ಕೊಟ್ಟಿದ್ದರೆ ಸಾಲವೇ ತೀರಿದಂತೆ. ತಲೆಮಾರುಗಳಿಂದ ಬಡ್ಡಿಯನ್ನೇ ಕಟ್ಟುತ್ತಿದ್ದ ಮನೆಗಳಿಗೆ ಇದು ದೊಡ್ಡ ಬಿಡುಗಡೆ. ಆದರೆ ಕೊಟ್ಟದ್ದನ್ನು ರುಜುವಾತು ಮಾಡಲು ರಸೀದಿ ಬೇಕಲ್ಲ! ಕೈಯಿಂದ ಕೈಗೆ ಕೊಟ್ಟು, ದೇವರ ಮೇಲೆ ಭಾರ ಹಾಕಿ ಬಂದವನ ಬಳಿ ಚೀಟಿ ಎಲ್ಲಿಂದ ಬರಬೇಕು? ಕಾಗದ ಜೋಪಾನ ಮಾಡಿದವನು ಉಳಿದ.

1953ರ ಅಕ್ಟೋಬರ್ 1ರಂದು ಈ ತಾಲ್ಲೂಕುಗಳು ಮದರಾಸಿನಿಂದ ಮೈಸೂರು ರಾಜ್ಯಕ್ಕೆ ಬಂದವು. ಅಡಂಗಲ್ ಎನ್ನುತ್ತಿದ್ದ ಊರಲೆಕ್ಕಕ್ಕೆ ಪಹಣಿ ಎಂಬ ಹೆಸರು ರೂಢಿಯಾಯಿತು. 1961ರ ಗ್ರಾಮಾಧಿಕಾರಿಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು, ಮನೆತನದಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುತ್ತಿದ್ದ ಶಾನುಭೋಗಿಕೆ ಮುಗಿಯಿತು. ಜೀತವನ್ನು ರದ್ದು ಮಾಡುವ ಕಾಯ್ದೆ ಬಂದದ್ದು 1976ರಲ್ಲಿ. ಅದೇ ವರ್ಷ ಬಳ್ಳಾರಿಯಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕ್ ಬಾಗಿಲು ತೆರೆಯಿತು. ಒಂದೊಂದೇ ವಿಲೀನದ ನಂತರ ಅದೇ ಈಗ ಕರ್ನಾಟಕ ಗ್ರಾಮೀಣ ಬ್ಯಾಂಕ್‌ನ ಭಾಗ. 2000ದ ಸುಮಾರಿಗೆ ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಏರಿತು. ಅದೇ ಹೊತ್ತಿಗೆ ಸ್ತ್ರೀಶಕ್ತಿ ಸಂಘಗಳು ಹಬ್ಬಿದವು.

ಸ್ತ್ರೀಶಕ್ತಿ ಸಂಘದ ವಾರದ ಸಭೆಯನ್ನು ಹತ್ತಿರದಿಂದ ಕಂಡವರಿಗೆ ಗೊತ್ತು. ಗುಡಿಯ ಕಟ್ಟೆಯ ಮೇಲೆ ಹತ್ತು ಹದಿನೈದು ಹೆಂಗಸರು. ನಡುವೆ ಒಂದು ತಗಡಿನ ಪೆಟ್ಟಿಗೆ. ಓದು ಬಲ್ಲ ಒಬ್ಬಾಕೆ ಹೆಸರು ಕೂಗಿ, ಉಳಿತಾಯ ಇಷ್ಟು, ಸಾಲದ ಕಂತು ಇಷ್ಟು ಎಂದು ಎಲ್ಲರ ಎದುರೇ ಬರೆಯುತ್ತಾಳೆ. ಅಂಕಿ ತಪ್ಪಿದರೆ ಪಕ್ಕದಲ್ಲಿ ಕೂತವಳೇ ತಡೆಯುತ್ತಾಳೆ. ಬಲಪ ಹೋಗಿ ಬಾಲ್‌ಪೆನ್ನು ಬಂದದ್ದು ದೊಡ್ಡದಲ್ಲ. ಅದು ಸಾಲ ಪಡೆದವಳ ಕೈಗೆ ಬಂದದ್ದು ದೊಡ್ಡದು.

ಬಡ್ಡಿಯವರು ಮಾಯವಾಗಿಲ್ಲ. ಮೀಟರ್ ಬಡ್ಡಿ, ದಲಾಲಿ ಅಂಗಡಿಯ ಮುಂಗಡ, ಗುಳೆ ಹೋಗುವವರಿಗೆ ಮೇಸ್ತ್ರಿ ಕೊಡುವ ಹಣ, ಮೈಕ್ರೋ ಫೈನಾನ್ಸ್‌ನ ವಾರದ ಕಂತು ಎಲ್ಲವೂ ಇವೆ. ವಸೂಲಿಯ ಕಿರುಕುಳ ಮಿತಿಮೀರಿದಾಗ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಮಾಡಿತು.

ಇವುಗಳ ನಡುವೆ ಹೊಸದೊಂದು ಕಡತ ಬಂದಿದೆ. ಬ್ಯಾಂಕಿನಿಂದ ಬರಿಗೈಯಲ್ಲಿ ಮರಳಿದವರು ಈಗ "ಸಿಬಿಲ್ ಇಲ್ಲವಂತೆ" ಎನ್ನುತ್ತಾರೆ. 2000ದಲ್ಲಿ ಹುಟ್ಟಿದ ಸಿಬಿಲ್ ಸಂಸ್ಥೆ, ಅದರಂಥ ಇನ್ನೂ ಮೂರು ಕಂಪನಿಗಳು ಪ್ರತಿಯೊಬ್ಬರ ಸಾಲದ ಲೆಕ್ಕ ಇಡುತ್ತವೆ. ಸಿಬಿಲ್ ಕೊಡುವ ಅಂಕ 300ರಿಂದ 900ರವರೆಗೆ. ತೀರಿಸಿದ ಸಾಲ ಬಾಕಿಯೆಂದೇ ಉಳಿದಿದ್ದರೂ, ಬೇರೆಯವರ ಸಾಲ ತನ್ನ ಹೆಸರಿಗೆ ಸೇರಿದ್ದರೂ ಕೇಳದ ಹೊರತು ತಿಳಿಯುವುದಿಲ್ಲ. ಹಿಂದೆ ಸಾಹುಕಾರನ ಕಡತವನ್ನು ತೋರಿಸು ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಈಗ ಕೇಳುವ ಹಕ್ಕಿದೆ. ಕೂಡ್ಲಿಗಿಯ ಮಸಾರಿ ಹೊಲದವರಾಗಲಿ, ಕೊಟ್ಟೂರಿನ ಅಂಗಡಿಯವರಾಗಲಿ ಅದನ್ನು ಬಳಸಬೇಕು. ರಿಸರ್ವ್ ಬ್ಯಾಂಕಿನ ಆದೇಶದಂತೆ 2017ರಿಂದ ಪ್ರತಿ ಕಂಪನಿಯೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ತಪ್ಪಿದೆ ಎಂದು ದೂರು ಕೊಟ್ಟು 30 ದಿನದೊಳಗೆ ಅದು ಇತ್ಯರ್ಥವಾಗದಿದ್ದರೆ, ಆಮೇಲಿನ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರ ದೂರುದಾರರಿಗೆ ಸಲ್ಲಬೇಕು.