ಜನತಾ ಮನೆ ಮತ್ತು ಶಾಬಿಯಾ: ಎರಡು ನಾಡು, ಒಂದೇ ಸೂರಿನ ಕಥೆ



'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಕೊಲ್ಲಿ ನಾಡಿಗೆ ಬಂದ ನಮ್ಮಲ್ಲಿ ಬಹಳಷ್ಟು ಮಂದಿ ಸಮುದ್ರ ದಾಟಿದ್ದೇ ಈ ಎರಡು ಕೆಲಸಗಳ ಸಲುವಾಗಿ. ತಂಗಿಯ ಮದುವೆ ಮುಗಿಯಿತು ಎಂದು ಉಸಿರು ಬಿಡುವಷ್ಟರಲ್ಲಿ ಊರಿನ ಮನೆಯ ಮಾಡು ಸೋರಲು ಶುರುವಾಗಿರುತ್ತದೆ! ಆದರೂ ನಾವು ಪುಣ್ಯವಂತರು. ತಿಂಗಳ ಕೊನೆಗೆ ಸಂಬಳ ಬರುತ್ತದೆ, ಬ್ಯಾಂಕಿನವರು ಕುರ್ಚಿ ಕೊಟ್ಟು ಕೂರಿಸುತ್ತಾರೆ. ಸಮುದ್ರ ದಾಟಲಾಗದವರು, ದಿನಗೂಲಿಯನ್ನೇ ನಂಬಿದವರು, ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವವರು ಮನೆ ಕಟ್ಟುವುದು ಹೇಗೆ? ಕಟ್ಟಿದ ಮನೆಯನ್ನು ಉಳಿಸಿಕೊಳ್ಳುವುದು ಹೇಗೆ?

ಈ ಪ್ರಶ್ನೆಗೆ ನಾವು ಹುಟ್ಟಿದ ನಾಡೂ, ಇಂದು ನಮಗೆ ಅನ್ನ ಕೊಡುತ್ತಿರುವ ನಾಡೂ ಹೆಚ್ಚುಕಡಿಮೆ ಒಂದೇ ದಶಕದಲ್ಲಿ ಉತ್ತರ ಹುಡುಕಲು ಹೊರಟವು. ಸ್ವಾರಸ್ಯವೆಂದರೆ ಹೆಸರೂ ಒಂದೇ. ಅರಬ್ಬಿಯಲ್ಲಿ 'ಶಾಬ್' ಎಂದರೆ ಜನ. ಸರ್ಕಾರ ಕಟ್ಟಿಸಿಕೊಟ್ಟ ಸಾಲುಮನೆಗಳನ್ನು ಇಲ್ಲಿನವರು 'ಶಾಬಿಯಾ' ಎನ್ನುತ್ತಾರೆ. ನಮ್ಮೂರುಗಳಲ್ಲಿ ಅದೇ 'ಜನತಾ ಮನೆ'. ವೈದ್ಯರಿಗೆ ಮನೆಯ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ನಾವು ಮಾತ್ರೆ ಬರೆದುಕೊಟ್ಟು ಕಳುಹಿಸುವ ಎಷ್ಟೋ ಕಾಯಿಲೆಗಳ ಮೂಲ ರೋಗಿ ಮಲಗುವ ಕೋಣೆಯಲ್ಲೇ ಇರುತ್ತದೆ. ಹಾಗಾಗಿ ಈ ವಿಷಯ ನಮ್ಮದೂ ಹೌದು.

ಅಂದಿನ ಒಮಾನ್

1970ರ ಜುಲೈ 23ರಂದು ಸುಲ್ತಾನ್ ಕಾಬೂಸ್ ಅಧಿಕಾರ ವಹಿಸಿಕೊಂಡಾಗ ಇಡೀ ದೇಶದಲ್ಲಿ ಡಾಂಬರು ರಸ್ತೆ ಸುಮಾರು 10 ಕಿಲೋಮೀಟರ್, ಶಾಲೆಗಳು ಮೂರು. ಈ ಲೆಕ್ಕವನ್ನು ನಮ್ಮ ಮಕ್ಕಳು ಶಾಲೆಯಲ್ಲೇ ಕಲಿತಿರುತ್ತಾರೆ. ಆದರೆ ಜನ ಎಂಥ ಮನೆಗಳಲ್ಲಿ ಇದ್ದರು ಎಂಬುದು ಅಷ್ಟಾಗಿ ಗೊತ್ತಿರುವುದಿಲ್ಲ. ಬಾತಿನಾ ಕರಾವಳಿಯ ಬೆಸ್ತರು ಖರ್ಜೂರದ ಗರಿಗಳಿಂದ ಹೆಣೆದ 'ಬರಸ್ತಿ' ಮನೆಗಳಲ್ಲಿದ್ದರು. ನಮ್ಮ ದಕ್ಷಿಣ ಕನ್ನಡದ ಮಡಲಿನ ಮನೆ, ಮುಳಿಹುಲ್ಲಿನ ಮನೆ ಇದ್ದ ಹಾಗೆಯೇ. ಗಾಳಿ ಒಳಗೆ ಹಾಯುವುದರಿಂದ ಬೇಸಿಗೆಯಲ್ಲಿ ತಂಪು. ಆದರೆ ಒಂದು ಕಿಡಿ ಸಾಕು, ಸಾಲು ಸಾಲೇ ಬೂದಿ. ಒಳನಾಡಿನ ನಿಜ್ವಾ, ಬಹ್ಲಾ, ಅಲ್ ಹಮ್ರಾಗಳಲ್ಲಿ ಮಣ್ಣಿನ ಇಟ್ಟಿಗೆಯ ಎರಡು ಮೂರು ಅಂತಸ್ತಿನ ಮನೆಗಳು. ಅವುಗಳ ಮಾಡಿಗೆ ಖರ್ಜೂರದ ಮರದ ತೊಲೆ, ಗೋಡೆಗೆ ಮತ್ತು ನೀರಿನ ಕಾಲುವೆಗೆ 'ಸರೂಜ್' ಎಂಬ ಸುಟ್ಟ ಮಣ್ಣಿನ ಗಾರೆ.

ಈ ನೆಲಕ್ಕೂ ನಮ್ಮ ಕರಾವಳಿಗೂ ನಂಟು ಹೊಸದಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲಿ ಮೈಸೂರಿನ ವ್ಯಾಪಾರ ಕೋಠಿ ಮಸ್ಕತ್ತಿನಲ್ಲಿತ್ತು. ಮಂಗಳೂರಿನ ಅಕ್ಕಿ ಇಲ್ಲಿಗೆ ಬರುತ್ತಿತ್ತು. ನಮ್ಮ ಪಶ್ಚಿಮ ಕರಾವಳಿಯ ಸಾಗುವಾನಿಯಿಂದಲೇ ಇಲ್ಲಿನ ಹಡಗುಗಳು ಸಿದ್ಧವಾಗುತ್ತಿದ್ದವು. ಅಕ್ಕಿ, ಮರಗಳ ಬದಲು ಮುಂದೆ ನಾವೇ ಹಡಗು, ವಿಮಾನ ಹತ್ತಿ ಬಂದೆವು ಅಷ್ಟೆ!

ಅಂದಿನ ಒಮಾನಿನಲ್ಲಿ ಟ್ರಕೋಮಾ ಎಂಬ ಕಣ್ಣಿನ ಬೇನೆ ಮನೆಮನೆಯಲ್ಲೂ ಇತ್ತು. ರೆಪ್ಪೆ ಒಳಕ್ಕೆ ಮಡಚಿ, ಕೂದಲು ಕಣ್ಣನ್ನು ಉಜ್ಜಿ ಉಜ್ಜಿ ಕೊನೆಗೆ ಕುರುಡಾಗಿಸುವ ರೋಗವಿದು. ನೊಣ, ನೀರಿನ ಅಭಾವ, ಒಂದೇ ಕೋಣೆಯಲ್ಲಿ ಒತ್ತೊತ್ತಾಗಿ ಮಲಗುವುದು, ಶೌಚಾಲಯ ಇಲ್ಲದಿರುವುದು, ಇವೇ ಅದರ ಮಿತ್ರರು. 2012ರಲ್ಲಿ ಟ್ರಕೋಮಾವನ್ನು ನಿರ್ಮೂಲ ಮಾಡಿದ ಮೊದಲ ದೇಶವೆಂದು ವಿಶ್ವ ಆರೋಗ್ಯ ಸಂಸ್ಥೆ ಒಮಾನನ್ನು ಮಾನ್ಯ ಮಾಡಿತು. ಇದರ ಕೀರ್ತಿ ಮುಲಾಮಿಗೂ ಶಸ್ತ್ರಚಿಕಿತ್ಸೆಗೂ ಸಲ್ಲಬೇಕು, ನಿಜ. ಆದರೆ ಮನೆಯೊಳಗೆ ಬಂದ ನಲ್ಲಿ ನೀರಿಗೂ ಅದರಲ್ಲಿ ಪಾಲಿದೆ.

ಶಾಬಿಯಾ ಬೆಳೆದ ಬಗೆ

ತೈಲದ ರಫ್ತು 1967ರಲ್ಲೇ ಶುರುವಾಗಿತ್ತು. 1970ರ ನಂತರ ಅದರ ಹಣ ರಸ್ತೆ, ಆಸ್ಪತ್ರೆ, ಶಾಲೆಗಳ ಜೊತೆಗೆ ಮನೆಗಳಿಗೂ ಹರಿಯಿತು. ಧೋಫಾರಿನಲ್ಲಿ ನಡೆಯುತ್ತಿದ್ದ ಯುದ್ಧ 1975ರಲ್ಲಿ ಮುಗಿಯಿತು. ಅಲ್ಲಿನ ಬೆಟ್ಟಗಳಲ್ಲಿ ಸರ್ಕಾರ ಮೊದಲು ಕೊಳವೆಬಾವಿ ಕೊರೆದು, ಅದರ ಪಕ್ಕದಲ್ಲಿ ಚಿಕಿತ್ಸಾಲಯ, ಶಾಲೆ, ಮಸೀದಿ, ಅಂಗಡಿ ತೆರೆಯಿತು. ನೀರು ಬಂದಲ್ಲಿಗೆ ಜನ ಬಂದರು, ಜನ ಬಂದಲ್ಲಿ ಊರಾಯಿತು.

ವಸತಿಯ ನೆರವು ಕ್ರಮೇಣ ಮೂರು ದಾರಿಗಳಲ್ಲಿ ಹರಿಯತೊಡಗಿತು. ತೀರ ಕಡಿಮೆ ಆದಾಯದವರಿಗೆ ಸರ್ಕಾರವೇ ಕಟ್ಟಿದ ಮನೆ. ಸ್ವಂತ ಜಾಗವಿದ್ದೂ ಕಟ್ಟಲು ಗತಿಯಿಲ್ಲದವರಿಗೆ, ಅಥವಾ ಇದ್ದ ಮನೆ ಕುಸಿಯುತ್ತಿರುವವರಿಗೆ, ಸಹಾಯಧನ. ಅಲ್ಪಸ್ವಲ್ಪ ತೀರಿಸಬಲ್ಲವರಿಗೆ ಸಾಲ. 1977ರಲ್ಲಿ ಸ್ಥಾಪನೆಯಾದ ಒಮಾನ್ ಹೌಸಿಂಗ್ ಬ್ಯಾಂಕ್ ಕಡಿಮೆ ಬಡ್ಡಿಗೆ ಸಾಲ ಕೊಟ್ಟಿತು, ಬಡ್ಡಿಯ ವ್ಯತ್ಯಾಸವನ್ನು ಸರ್ಕಾರ ಹೊತ್ತಿತು. ಇವುಗಳ ಜೊತೆಗೆ ನಾಗರಿಕರಿಗೆ ನಿವೇಶನ ಹಂಚುವ ಪದ್ಧತಿಯೂ ಬೆಳೆಯಿತು. 2008ರಲ್ಲಿ ಹೊರಟ ರಾಜಾಜ್ಞೆಯೊಂದು ನಿವೇಶನದ ವಿಷಯದಲ್ಲಿ ಮಹಿಳೆಯರಿಗೆ ಪುರುಷರಷ್ಟೇ ಹಕ್ಕು ಕೊಟ್ಟಿತು. 2010ರಲ್ಲಿ ಸಾಮಾಜಿಕ ವಸತಿಗೆಂದೇ ಒಂದು ಕಾನೂನು ಬಂತು.

ಇಲ್ಲಿ ಒಂದು ಮಾತು ನೆನಪಿಡಬೇಕು. 1993ರಲ್ಲಿ ನಡೆದ ಒಮಾನಿನ ಮೊದಲ ಜನಗಣತಿಯಲ್ಲಿ ನಮ್ಮಂಥ ಪರದೇಶಿಗಳನ್ನೂ ಸೇರಿಸಿ ಸಿಕ್ಕಿದ ಲೆಕ್ಕ ಸುಮಾರು 20 ಲಕ್ಷ. 1991ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ ಸುಮಾರು ನಾಲ್ಕೂವರೆ ಕೋಟಿ. ಆದ್ದರಿಂದ 'ಇಲ್ಲಿ ಆಯಿತು, ಅಲ್ಲಿ ಏಕೆ ಆಗಲಿಲ್ಲ' ಎಂದು ರಜೆಯಲ್ಲಿ ಊರಿಗೆ ಹೋದಾಗ ನಾವು ಮಾಡುವ ಭಾಷಣ ನ್ಯಾಯವಾದುದಲ್ಲ.

ನಮ್ಮ ನಾಡಿನ ಕಥೆ

ನಮ್ಮಲ್ಲಿ ಮನೆಯ ಮೊದಲ ತೊಡಕು ಇಟ್ಟಿಗೆಯಲ್ಲ, ನೆಲ. ಒಡೆಯರ ಜಮೀನಿನ ಅಂಚಿನಲ್ಲಿ ಗುಡಿಸಲು ಹಾಕಿಕೊಂಡಿದ್ದ ಕೂಲಿಯವನಿಗೆ 'ಎದ್ದು ಹೋಗು' ಎಂದರೆ ಸಾಕು, ತಲೆಮಾರಿನ ಬದುಕು ಬೀದಿಗೆ. 1971ರಲ್ಲಿ ಕೇಂದ್ರ ಸರ್ಕಾರ ಭೂಮಿಯಿಲ್ಲದ ಕೂಲಿಕಾರರಿಗೆ ನಿವೇಶನ ಕೊಡುವ ಯೋಜನೆ ತಂದಿತು. ಕರ್ನಾಟಕದಲ್ಲಿ ದೇವರಾಜ ಅರಸರ ಸರ್ಕಾರ 1974ರಲ್ಲಿ ಭೂಸುಧಾರಣಾ ಕಾಯಿದೆಗೆ ಮಾಡಿದ ತಿದ್ದುಪಡಿಯನ್ನು ಎಲ್ಲರೂ 'ಉಳುವವನೇ ಹೊಲದೊಡೆಯ' ಎಂದು ನೆನೆಯುತ್ತಾರೆ. ಅದೇ ಕಾಯಿದೆಯ 38ನೆಯ ಕಲಮು ಕೃಷಿ ಕಾರ್ಮಿಕ ತಾನು ವಾಸಿಸುತ್ತಿದ್ದ ಗುಡಿಸಲಿನ ನೆಲಕ್ಕೆ ತಾನೇ ಒಡೆಯನಾಗುವ ಅವಕಾಶ ಕೊಟ್ಟಿತು. ಹೊಲದೊಡೆಯನಾಗದವನು ಮನೆಯೊಡೆಯನಾದರೂ ಆದ. ಜನತಾ ಮನೆಗಳೂ ಅದೇ ಕಾಲದವು.

1985ರಲ್ಲಿ ಇಂದಿರಾ ಆವಾಸ್ ಯೋಜನೆ ಬಂತು. ಮೊದಲು ಅದು ಉದ್ಯೋಗ ಯೋಜನೆಯ ಒಂದು ಭಾಗವಾಗಿತ್ತು, 1996ರ ಜನವರಿ 1ರಿಂದ ಸ್ವತಂತ್ರ ಯೋಜನೆಯಾಯಿತು. ಬಂಗಾರಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, 1991–92ರಲ್ಲಿ, ರಾಜ್ಯದ 'ಆಶ್ರಯ' ಯೋಜನೆ ಆರಂಭವಾಯಿತು. ನಾವು ಎಂ.ಬಿ.ಬಿ.ಎಸ್. ಮುಗಿಸಿ ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲಿ ಓಡಾಡುತ್ತಿದ್ದ ವರ್ಷಗಳವು. ಊರ ಹೊರಗಿನ ಆಶ್ರಯ ಕಾಲನಿಯ ವಿಳಾಸವನ್ನು ಚೀಟಿಯಲ್ಲಿ ಬರೆಸುವಾಗ ಹೆಂಗಸರ ದನಿಯಲ್ಲಿ ಒಂದು ಬಗೆಯ ಹೆಮ್ಮೆ ಇರುತ್ತಿತ್ತು. 'ಇಂಥವರ ತೋಟದ ಮೂಲೆ' ಎನ್ನುವುದು ಹೋಗಿ, ತಮ್ಮದೇ ಒಂದು ಮನೆ ನಂಬರು ಬಂದಿತ್ತಲ್ಲ! 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಸ್ಥಾಪನೆಯಾಯಿತು. 2010ರ ಹೊತ್ತಿಗೆ ಬಸವ ವಸತಿ ಯೋಜನೆ, 2016ರಲ್ಲಿ ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗ ಬಂದವು.

ಹಣದ ಲೆಕ್ಕ ನೋಡಿದರೆ ಕಾಲ ಬದಲಾದದ್ದು ತಿಳಿಯುತ್ತದೆ. ಬಯಲುಸೀಮೆಯ ಒಂದು ಮನೆಗೆ ಇಂದಿರಾ ಆವಾಸ್ ಯೋಜನೆ 1990ರ ದಶಕದ ಕೊನೆಗೆ ಕೊಡುತ್ತಿದ್ದುದು 20,000 ರೂಪಾಯಿ. ಅದು 2008ರಲ್ಲಿ 35,000, 2010ರಲ್ಲಿ 45,000, 2013ರಲ್ಲಿ 70,000 ಆಯಿತು. 2016ರ ಹೊಸ ಯೋಜನೆಯಲ್ಲಿ 1,20,000 ರೂಪಾಯಿ, ಜೊತೆಗೆ ಉದ್ಯೋಗ ಖಾತರಿಯಲ್ಲಿ 90 ದಿನಗಳ ಕೂಲಿ, ಶೌಚಾಲಯಕ್ಕೆ 12,000. ಮನೆಯ ಕನಿಷ್ಠ ಅಳತೆ 20 ಚದರ ಮೀಟರಿನಿಂದ 25ಕ್ಕೆ ಏರಿತು, ಅಡುಗೆಯ ಜಾಗವೂ ಸೇರಿ.

ಇಂದಿರಾ ಆವಾಸ್ ಯೋಜನೆಯ ಮೂರು ನಿಯಮಗಳು ನಮಗೆ ಬಹಳ ಹಿಡಿಸುತ್ತವೆ. ಒಂದು, ಮನೆ ಹೆಂಗಸಿನ ಹೆಸರಿನಲ್ಲಿ ಅಥವಾ ದಂಪತಿಗಳಿಬ್ಬರ ಹೆಸರಿನಲ್ಲಿ. ಕುಡಿದು ಬಂದ ಗಂಡನಿಗೆ 'ಹೊರಗೆ ಹೋಗು' ಎನ್ನುವ ಧೈರ್ಯ ಇಲ್ಲಿಂದ ಬರುತ್ತದೆ. ಎರಡು, ಗುತ್ತಿಗೆದಾರ ನಡುವೆ ಬರಕೂಡದು, ಮನೆಯವರೇ ಕಟ್ಟಿಕೊಳ್ಳಬೇಕು. ಮೂರು, ಮನೆಯ ಜೊತೆಗೆ ಶೌಚಾಲಯ ಮತ್ತು ಹೊಗೆಯಿಲ್ಲದ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ 'ಅಸ್ತ್ರ' ಕೇಂದ್ರದವರು ರೂಪಿಸಿದ ಅಸ್ತ್ರ ಒಲೆಯನ್ನು ನಿಮ್ಮಲ್ಲಿ ಹಲವರು ಊರಿನಲ್ಲಿ ನೋಡಿರಬಹುದು. ಗಟ್ಟಿಯಾಗಿ ಒತ್ತಿದ ಮಣ್ಣಿನ ಇಟ್ಟಿಗೆಯ ಮನೆಗಳನ್ನು ಪ್ರಚಾರಕ್ಕೆ ತಂದವರೂ ಅವರೇ. ಬೀಡಿ ಮುಟ್ಟದ ಅಜ್ಜಿಯ ಶ್ವಾಸಕೋಶ ಬೀಡಿ ಸೇದಿದವನದರಂತೆ ಕೆಟ್ಟಿದ್ದರೆ ಅದಕ್ಕೆ ಕಾರಣ ಕಿಟಕಿಯಿಲ್ಲದ ಅಡುಗೆಮನೆ. ಒಂದು ಚಿಮಣಿ ಮಾಡುವ ಉಪಕಾರವನ್ನು ಆಮೇಲೆ ಹತ್ತು ಬಾಟಲಿ ಕೆಮ್ಮಿನ ಔಷಧಿ ಮಾಡಲಾರದು.

ದುರಸ್ತಿ ಎಂಬ ಬಡಪಾಯಿ

ಇಷ್ಟೆಲ್ಲ ಇದ್ದರೂ ಎರಡು ನಾಡುಗಳಲ್ಲೂ ಹಿಂದೆ ಬಿದ್ದದ್ದು ದುರಸ್ತಿ. ಹೊಸ ಮನೆಗೆ ಟೇಪು ಕತ್ತರಿಸಬಹುದು, ಫಲಕ ಹಾಕಬಹುದು. ಹೆಂಚು ಬದಲಾಯಿಸಿದ ಮಾಡಿಗೆ ಯಾರು ಬಂದು ಟೇಪು ಕತ್ತರಿಸುತ್ತಾರೆ? ಇಂದಿರಾ ಆವಾಸ್ ಯೋಜನೆಯಲ್ಲಿ 1999–2000ದಿಂದ ಶೇಕಡ 20ರಷ್ಟು ಹಣವನ್ನು ಹಾಳುಬಿದ್ದ ಕಚ್ಚಾ ಮನೆಗಳನ್ನು ಸರಿಪಡಿಸಲೆಂದು ಮೀಸಲಿಟ್ಟು, ಮನೆಗೆ 10,000 ರೂಪಾಯಿ ಕೊಟ್ಟರು. 2016ರ ಯೋಜನೆಯಲ್ಲಿ ಒತ್ತು ಮತ್ತೆ ಹೊಸ ಮನೆಗೇ ಹೋಯಿತು. ಒಮಾನಿನಲ್ಲಿ ಹೊಸ ಸಿಮೆಂಟಿನ ಮನೆಗೆ ಹೋದ ಮೇಲೆ ಹಳೆಯ ಮಣ್ಣಿನ ಊರುಗಳು ಬರಿದಾದವು. ಅಲ್ ಹಮ್ರಾದ ಹಳೆಯ ಓಣಿಗಳಲ್ಲಿ ಕುಸಿದ ಗೋಡೆಗಳನ್ನು ಪಿಕ್ನಿಕ್ಕಿಗೆ ಹೋದವರೆಲ್ಲ ನೋಡಿದ್ದೇವೆ. ಮಣ್ಣಿನ ಮನೆ ಮಳೆ ಬಂದಾಗಲೆಲ್ಲ ಆರೈಕೆ ಕೇಳುತ್ತದೆ. ಒಂದೆರಡು ವರ್ಷ ಮರೆತರೆ ಅದು ನಮ್ಮನ್ನು ಮರೆಯುತ್ತದೆ.

ಪ್ರಕೃತಿ ಮುನಿದಾಗ ಮಾತ್ರ ದುರಸ್ತಿ ಎಲ್ಲರ ನೆನಪಿಗೆ ಬರುತ್ತದೆ. 2007ರ ಜೂನಿನಲ್ಲಿ ಗೋನು ಚಂಡಮಾರುತ ಬಂದಾಗ ಮಸ್ಕತ್, ಕುರಯ್ಯಾತ್, ಸೂರ್ ಕಡೆಯ ವಾದಿಗಳು ಮನೆಗಳೊಳಗೇ ಹರಿದವು. 2021ರ ಅಕ್ಟೋಬರ್ 3ರಂದು ಶಾಹೀನ್ ಚಂಡಮಾರುತ ಬಾತಿನಾಕ್ಕೆ ಅಪ್ಪಳಿಸಿ ಸುವೈಕ್, ಖಾಬೂರಾಗಳು ಕೆಸರಾದಾಗ ದೇಶದ ಮೂಲೆ ಮೂಲೆಗಳಿಂದ ಜನ ಗುದ್ದಲಿ ಹಿಡಿದು ಬಂದರು. ಸರ್ಕಾರ ಬಿದ್ದವರಿಗೆ ಹೊಸ ಮನೆ, ಬಿರುಕು ಬಿಟ್ಟವರಿಗೆ ದುರಸ್ತಿಯ ಭಾರ ಹೊತ್ತಿತು.

ನಮ್ಮ ಉತ್ತರ ಕರ್ನಾಟಕದಲ್ಲಿ 2009ರ ನೆರೆಯ ನಂತರ 'ಆಸರೆ' ಮನೆಗಳು ಎದ್ದವು. ದಾನಿಗಳೂ ಕೈಜೋಡಿಸಿದರು. ಆದರೆ ಹಲವೆಡೆ ಜನ ಹೊಸ ಮನೆಗೆ ಹೋಗಲು ಒಪ್ಪಲಿಲ್ಲ. ಹೊಲ ದೂರ, ಎತ್ತು ಕಟ್ಟಲು ಜಾಗವಿಲ್ಲ, ಹಗೇವು ಇಲ್ಲ, ಅಣ್ಣತಮ್ಮಂದಿರು ಒಟ್ಟಿಗಿದ್ದ ಮನೆಗೆ ಎರಡು ಪುಟ್ಟ ಕೋಣೆ. ರೈತನಿಗೆ ಮನೆಯೆಂದರೆ ಮಲಗುವ ಜಾಗ ಮಾತ್ರವಲ್ಲ, ಅದು ಅವನ ಉಗ್ರಾಣ, ಕೊಟ್ಟಿಗೆ, ಕಾರ್ಖಾನೆ. 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿಯ ನೆರವು ಘೋಷಿಸಿ, ಅಲ್ಪ ಹಾನಿಗೂ ಬೇರೆ ದರ ಇಟ್ಟು, ಕಟ್ಟುವುದನ್ನು ಮನೆಯವರಿಗೇ ಬಿಟ್ಟದ್ದು ಹಿಂದಿನ ಅನುಭವದಿಂದ ಒಂದು ಹೆಜ್ಜೆ ಮುಂದೆ ಎಂದು ನಮ್ಮ ಅನಿಸಿಕೆ.

ನಾವೇನು ಮಾಡಬಹುದು?

ಇದೆಲ್ಲ ದೂರದ ಸಂಗತಿ ಎನ್ನಬೇಡಿ. ನಮ್ಮ ಕಾರು ಓಡಿಸುವ, ನಮ್ಮ ಕಟ್ಟಡಗಳಿಗೆ ಕಲ್ಲು ಹೊರುವ ಕನ್ನಡಿಗ ಸೋದರರಲ್ಲಿ ಎಷ್ಟೋ ಮಂದಿಯ ಮನೆ ಊರಿನಲ್ಲಿ ತಳಪಾಯದಲ್ಲೇ ನಿಂತಿದೆ. ರಾಜ್ಯದ ಯೋಜನೆಗಳಲ್ಲಿ ಹಣ ಬರುವುದು ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂದು ನಾಲ್ಕು ಹಂತಗಳಲ್ಲಿ, ಅದೂ ಆಯಾ ಹಂತದ ಫೋಟೋ ಮೇಲಕ್ಕೆ ಹೋದ ಬಳಿಕ. ಕೆಲಸ ಮುಂದೆ, ಕಂತು ಹಿಂದೆ. ಮೊದಲ ಕಂತು ಬರುವ ಮುಂಚೆ ತಳಪಾಯಕ್ಕೆ ಬೇಕಾದ ಹಣವನ್ನು ಬಡವ ಬಡ್ಡಿಗೆ ತರುತ್ತಾನೆ. ಮನೆ ಸರ್ಕಾರದ್ದು, ಸಾಲ ಶೆಟ್ಟರದ್ದು ಎನ್ನುವಂತಾಗುತ್ತದೆ.

ಆದ್ದರಿಂದ ನಮ್ಮದೊಂದು ವಿನಂತಿ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ನಮ್ಮ ತೋಟದಲ್ಲಿ ದುಡಿದವರ, ನಮ್ಮನ್ನು ಎತ್ತಿ ಆಡಿಸಿದವರ ಮನೆಗೆ ಒಮ್ಮೆ ಹೋಗಿ ಬನ್ನಿ. ಹಕ್ಕುಪತ್ರ ಕೈಸೇರಿದೆಯೇ ಕೇಳಿ. ಗ್ರಾಮಸಭೆಯ ಪಟ್ಟಿಯಲ್ಲಿ ಹೆಸರು ಇದೆಯೇ ಎಂದು ಪಂಚಾಯಿತಿಯಲ್ಲಿ ವಿಚಾರಿಸಿ. ಅರ್ಜಿ ಬರೆಯಲು ಅಂಜುವವರಿಗೆ ನಿಮ್ಮ ಹತ್ತು ನಿಮಿಷ ದೊಡ್ಡದು. ಕೈಲಾದವರು ತಳಪಾಯದ ಹಣವನ್ನು ಬಡ್ಡಿಯಿಲ್ಲದೆ ಕೊಟ್ಟು, ಕಂತು ಬಂದ ಮೇಲೆ ಹಿಂದಕ್ಕೆ ಪಡೆಯಿರಿ. ಹೊಸ ಮನೆ ಸಾಧ್ಯವಿಲ್ಲದಲ್ಲಿ ನಾಲ್ಕು ಸಾಲು ಹೆಂಚು, ಒಂದು ಕಿಟಕಿ, ಒಂದು ಚಿಮಣಿ ಸಾಕು. ವೈದ್ಯರಾಗಿ ಹೇಳುತ್ತೇವೆ, ಇದಕ್ಕಿಂತ ಅಗ್ಗದ ಔಷಧಿ ನಮ್ಮ ಚೀಟಿಯಲ್ಲಿ ಬೇರೊಂದಿಲ್ಲ.

ಈ ನಾಡಿನಲ್ಲಿ ನಾವು ಎಷ್ಟು ವರ್ಷ ಇದ್ದರೂ ಬಾಡಿಗೆಯವರೇ. ಒಂದು ದಿನ ಬೀಗದಕೈ ಒಪ್ಪಿಸಿ ಹೊರಡಬೇಕು. ಸ್ವಂತ ಸೂರಿಲ್ಲದ ಅಳುಕು ಎಂಥದೆಂದು ನಮಗೆ ಸ್ವಲ್ಪವಾದರೂ ಗೊತ್ತು. ಗೊತ್ತಿದ್ದವರೇ ಅಲ್ಲವೇ ಮೊದಲು ಕೈಚಾಚಬೇಕಾದವರು? ಏನಂತೀರಿ?